ಫೀಸಿಗಾಗಿ ಮನೆ ಅಡವಿಡುವ ಮುನ್ನ

ಬ್ರಿಟನ್ನಿನ ಯಾವುದೋ ವಿಶ್ವವಿದ್ಯಾನಿಲಯದ ಪ್ರವೇಶಪತ್ರ ಕೈಸೇರಿದ ದಿನ ಮನೆಯಲ್ಲಿ ಸಿಹಿ ಹಂಚಲಾಗುತ್ತದೆ. ಮರುದಿನ ತಂದೆ ಜಾಗದ ದಾಖಲೆಗಳನ್ನು ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲೇರುತ್ತಾರೆ. ತಾಯಿಯ ಬಳೆಗಳು ಅಡವಿನಂಗಡಿ ಸೇರುತ್ತವೆ. ವಿದ್ಯಾರ್ಥಿವೇತನದ ಬಗ್ಗೆ ವಿಚಾರಿಸುವುದು ಇಷ್ಟೆಲ್ಲ ಆದ ಮೇಲೆ. ಆಗ ಸಿಗುವ ಉತ್ತರ ಒಂದೇ: ಅರ್ಜಿಯ ಅವಧಿ ಮುಗಿದಿದೆ. ಕೂಡಲೇ ನಮ್ಮ ಹಳೆಯ ದೂರು ಶುರುವಾಗುತ್ತದೆ. 'ಮುಸ್ಲಿಮರಿಗೆ ಯಾರು ಕೊಡುತ್ತಾರೆ?'

ಈ ದೂರು ಪೂರ್ತಿ ಸುಳ್ಳಲ್ಲ. ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಶಿಕ್ಷಣ ಸಾಲದ ಬಡ್ಡಿಯನ್ನು ವ್ಯಾಸಂಗದ ಅವಧಿಯಲ್ಲಿ ಸರಕಾರವೇ ಭರಿಸುವ 'ಪಢೋ ಪರದೇಶ್' ಯೋಜನೆ 2013-14ರಲ್ಲಿ ಆರಂಭವಾಗಿತ್ತು. ಅದರಲ್ಲಿ ಶೇ. 35ರಷ್ಟು ಪಾಲು ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. 2022-23ರಿಂದ ಕೇಂದ್ರ ಸರಕಾರ ಅದನ್ನು ನಿಲ್ಲಿಸಿತು. ಅದೇ ವರ್ಷ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್‌ಗೂ ತೆರೆ ಎಳೆಯಿತು. ಇತರ ಯೋಜನೆಗಳು ಇರುವುದರಿಂದ ಇದು ಪುನರಾವರ್ತನೆಯಾಗುತ್ತದೆ ಎಂಬುದು ಕೊಟ್ಟ ಕಾರಣ. ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25ಕ್ಕೆ ಒಬ್ಬ, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬ ಮಾತ್ರ ಮುಸ್ಲಿಮ್ ವಿದ್ಯಾರ್ಥಿ ಎಂದು 2006ರಲ್ಲೇ ಸಾಚಾರ್ ಸಮಿತಿ ಹೇಳಿರುವಾಗ, ಯಾವುದರ ಪುನರಾವರ್ತನೆ ಇದು? ಈ ಅನ್ಯಾಯದ ವಿರುದ್ಧ ಧ್ವನಿ ಎತ್ತಲೇಬೇಕು.

ಆದರೆ ಸರಕಾರದ ಬಾಗಿಲು ಮುಚ್ಚಿತೆಂದು ಅಳುತ್ತಾ ಕೂತವರು ತೆರೆದಿರುವ ಬಾಗಿಲುಗಳನ್ನು ತಟ್ಟಿದ್ದಾರೆಯೇ? ಬ್ರಿಟಿಷ್ ಸರಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ, ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್, ಅಮೆರಿಕದ ಫುಲ್‌ಬ್ರೈಟ್-ನೆಹರೂ, ಇವ್ಯಾವುದೂ ಅರ್ಜಿದಾರನ ಧರ್ಮವನ್ನು ನೋಡುವುದಿಲ್ಲ. ತುರ್ಕಿ ಸರಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಶುಲ್ಕವೂ ಇಲ್ಲ. ಬೋಧನಾ ಶುಲ್ಕ, ವಸತಿ, ಮಾಸಿಕ ಭತ್ತೆ, ವಿಮಾನ ಟಿಕೆಟು, ಒಂದು ವರ್ಷದ ತುರ್ಕಿ ಭಾಷಾ ಕಲಿಕೆ ಎಲ್ಲವೂ ಅದರಲ್ಲಿ ಸೇರಿವೆ. ಸೌದಿ ಅರೇಬಿಯದಲ್ಲಿ ಜಿದ್ದಾದ ಉತ್ತರಕ್ಕೆ 2009ರಲ್ಲಿ ಆರಂಭವಾದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯ ತಾನು ಆಯ್ಕೆ ಮಾಡಿದ ಸ್ನಾತಕೋತ್ತರ ವಿದ್ಯಾರ್ಥಿಗಳ ಶುಲ್ಕವನ್ನು ತಾನೇ ಭರಿಸಿ ಭತ್ತೆಯನ್ನೂ ಕೊಡುತ್ತದೆ. ಜಿದ್ದಾದಲ್ಲಿ ಇಪ್ಪತ್ತು, ಮೂವತ್ತು ವರ್ಷ ಬೆವರು ಸುರಿಸಿದ ನಮ್ಮ ಕರಾವಳಿಯ ಎಷ್ಟು ತಂದೆಯಂದಿರಿಗೆ ಈ ಹೆಸರು ಗೊತ್ತು? ಅಲ್ಲಿ ಆರಂಭದಿಂದಲೂ ಹೆಣ್ಣುಮಕ್ಕಳು ಕಲಿಯುತ್ತಿದ್ದಾರೆ ಎಂಬುದನ್ನು, ಮಗಳ ಓದಿಗೆ ಪಿಯುಸಿಯಲ್ಲೇ ಮಂಗಳ ಹಾಡುವವರು ಗಮನಿಸಲಿ.

ಇವೆಲ್ಲ ನಮಗೇಕೆ ತಿಳಿಯುವುದಿಲ್ಲ? ನಮ್ಮ ಮಕ್ಕಳಿಗೆ ದಾರಿ ತೋರಿಸುವ ಕೆಲಸವನ್ನು ನಾವು ಏಜೆಂಟರಿಗೆ ಒಪ್ಪಿಸಿಬಿಟ್ಟಿದ್ದೇವೆ. ಶುಲ್ಕ ಕಟ್ಟುವ ವಿದ್ಯಾರ್ಥಿಯನ್ನು ಕಳುಹಿಸಿದ್ದಕ್ಕೆ ಏಜೆಂಟನಿಗೆ ಆ ವಿಶ್ವವಿದ್ಯಾನಿಲಯದಿಂದ ಕಮಿಷನ್ ಬರುತ್ತದೆ. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳು ವಿದೇಶಿ ವಿದ್ಯಾರ್ಥಿಗಳಿಂದಲೂ ಬೋಧನಾ ಶುಲ್ಕ ಪಡೆಯುವುದಿಲ್ಲ ಎಂದು ಅವನು ಏಕೆ ಹೇಳಬೇಕು? ಅಲ್ಲಿಗೂ ಬರಿಗೈಯಲ್ಲಿ ಹೋಗಲಾಗದು ನಿಜ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ. ವೀಸಾಕ್ಕಾಗಿ ಒಂದು ವರ್ಷದ ಜೀವನ ವೆಚ್ಚವನ್ನು ಮುಂಗಡವಾಗಿ ಖಾತೆಯಲ್ಲಿ ತೋರಿಸಬೇಕು, 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ. ಆದರೆ ಆ ಹಣ ವಿದ್ಯಾರ್ಥಿಯದ್ದೇ, ತಿಂಗಳು ತಿಂಗಳು ಅವನಿಗೇ ಮರಳುತ್ತದೆ. ಇನ್ನು ಏಜೆಂಟರು 'ಸ್ಕಾಲರ್‌ಶಿಪ್' ಎಂದು ಹಿಗ್ಗಿಸಿ ಹೇಳುವುದು ಎಷ್ಟೋ ಬಾರಿ ದುಬಾರಿ ಶುಲ್ಕದಲ್ಲಿ ಕೊಡುವ ಅಲ್ಪಸ್ವಲ್ಪ ರಿಯಾಯಿತಿ ಮಾತ್ರ. ಬಟ್ಟೆಯಂಗಡಿಯವನೂ ಪೆರ್ನಾಳಿಗೆ ಅಷ್ಟು ಬಿಡುತ್ತಾನೆ.

ಹೊರಗಿನವರ ವಿಷಯ ಇಷ್ಟಾಯಿತು. ನಮ್ಮ ಸ್ವಂತ ಜೇಬಿನ ಮಾತೇನು? ಬಡ್ಡಿ ಹರಾಮ್ ಎಂದು ಮಿಂಬರ್‌ನಿಂದ ಗುಡುಗುವ ನಾವು, ಬಡ್ಡಿಯಿಲ್ಲದೆ ಓದಬಯಸುವ ಹುಡುಗನಿಗೆ ಯಾವ ದಾರಿ ಉಳಿಸಿದ್ದೇವೆ? ರಮಝಾನಿನಲ್ಲಿ ಮನೆಬಾಗಿಲಿಗೆ ಬಂದವರ ಕೈಗೆ ನೋಟುಗಳನ್ನು ಹಂಚಿ ಝಕಾತ್ ಮುಗಿಯಿತೆಂದು ನಿಟ್ಟುಸಿರು ಬಿಡುತ್ತೇವೆ. ಝಕಾತ್‌ನ ಎಂಟು ಹಕ್ಕುದಾರರ ಪೈಕಿ ಮೊದಲ ಎರಡು ಸ್ಥಾನ ಬಡವರದ್ದು ಮತ್ತು ನಿರ್ಗತಿಕರದ್ದು. ಬಡ ವಿದ್ಯಾರ್ಥಿ ಆ ಪಟ್ಟಿಯಿಂದ ಹೊರಗಿಲ್ಲ. ಝಕಾತ್‌ಗೆ ಅರ್ಹನಲ್ಲದ ಮಧ್ಯಮ ವರ್ಗದವನಿಗೆ ಕರ್ಝ್ ಹಸನ್ ಇದೆ. ಜಿದ್ದಾದ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್ 1983ರಲ್ಲಿ, ಸದಸ್ಯರಲ್ಲದ ದೇಶಗಳ ಮುಸ್ಲಿಮ್ ವಿದ್ಯಾರ್ಥಿಗಳಿಗಾಗಿ ಇದೇ ತತ್ವದ ಯೋಜನೆಯನ್ನು ಆರಂಭಿಸಿತ್ತು. ಓದಿ ಕೆಲಸ ಹಿಡಿದವನು ಮರಳಿಸಿದ ಹಣ ಅವನ ಸಮುದಾಯದ ಮುಂದಿನ ವಿದ್ಯಾರ್ಥಿಗೆ ಸಿಗುತ್ತದೆ. ಭಾರತದ ಮುಸ್ಲಿಮ್ ವಿದ್ಯಾರ್ಥಿಗಳೂ ಇದರ ಪ್ರಯೋಜನ ಪಡೆದಿದ್ದಾರೆ. ಅದಕ್ಕಿಂತಲೂ ಬಹಳ ಹಿಂದೆ, 1892ರಲ್ಲಿ, ಜಮ್‌ಶೆಟ್‌ಜಿ ಟಾಟಾ ಎಂಬ ಪಾರ್ಸಿ ಉದ್ಯಮಿ ವಿದೇಶಕ್ಕೆ ಓದಲು ಹೋಗುವ ಭಾರತೀಯರಿಗೆ ಸಾಲರೂಪದ ವಿದ್ಯಾರ್ಥಿವೇತನದ ನಿಧಿ ಸ್ಥಾಪಿಸಿದರು. ಕೆ.ಆರ್. ನಾರಾಯಣನ್, ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ ಆ ನೆರವಿನಿಂದ ಓದಿದವರು. ಪಾರ್ಸಿಗಳು ಈ ದೇಶದಲ್ಲಿ ಎಷ್ಟು ಮಂದಿ, ನಾವು ಎಷ್ಟು ಮಂದಿ?

ಹಣವಿಲ್ಲ ಎಂಬ ನೆಪ ಬೇಡ. ಸಾವಿರ ಮಂದಿಗೆ ಬಿರಿಯಾನಿ ಬಡಿಸುವ ಸಭಾಂಗಣಕ್ಕೆ, ಮಸೀದಿಯ ಎರಡನೆಯ ಮಿನಾರಕ್ಕೆ ಹಣವಿದೆ. ಜಮಾಅತ್‌ನ ಲೆಕ್ಕಪತ್ರದಲ್ಲಿ ಶಿಕ್ಷಣ ನಿಧಿ ಎಂಬ ಸಾಲು ಇದೆಯೇ ಎಂದು ಮುಂದಿನ ಮಹಾಸಭೆಯಲ್ಲಿ ಸದಸ್ಯರು ಎದ್ದು ಕೇಳಲಿ. ಪ್ರತಿ ಮೊಹಲ್ಲಾದಲ್ಲೂ ಓದಿದ ಇಬ್ಬರು ಯುವಕ ಯುವತಿಯರಿಗೆ ಅರ್ಜಿಗಳ ಹೊಣೆ ವಹಿಸಲಿ. ಚೀವ್ನಿಂಗ್ ಅರ್ಜಿ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಮುಗಿಯುತ್ತದೆ, ತುರ್ಕಿಯದ್ದು ಫೆಬ್ರವರಿಯಲ್ಲಿ. ಶಿಫಾರಸು ಪತ್ರ, ಇಂಗ್ಲಿಷ್ ಪರೀಕ್ಷೆ, ಪಾಸ್‌ಪೋರ್ಟ್ ಇವಕ್ಕೆ ಅದಕ್ಕೂ ಮೊದಲು ಹಲವು ತಿಂಗಳು ಬೇಕು. ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ ಹೊರಡಬೇಕಾದ ಮಗಳ ಕೆಲಸವನ್ನು ಈ ವರ್ಷದ ಬೇಸಿಗೆಯಲ್ಲೇ ಶುರು ಮಾಡಬೇಕು, ಮನೆಯ ದಾಖಲೆಗಳು ಇನ್ನೂ ಕಪಾಟಿನಲ್ಲಿ ಭದ್ರವಾಗಿರುವಾಗಲೇ.