ಲಸಿಕೆಯ ಕಾಯಕ, ಆರೋಗ್ಯದ ದಾಸೋಹ

ಶರಣರು ಕಾಯಕವನ್ನೂ ದಾಸೋಹವನ್ನೂ ಬೇರ್ಪಡಿಸಿ ನೋಡಿದವರಲ್ಲ. ದುಡಿಮೆಯ ಫಲ ದುಡಿದವನಲ್ಲಿಯೇ ನಿಂತರೆ ಅದು ಸಂಪಾದನೆ. ಸಮಾಜಕ್ಕೆ ಸಂದಾಗ ಅದು ಕಾಯಕ. ಜ್ಞಾನಕ್ಕೂ ಈ ಮಾತು ಸಲ್ಲುತ್ತದೆ. ಪ್ರಯೋಗಶಾಲೆಯಲ್ಲಿ ಹುಟ್ಟಿದ ಅರಿವು ಬಡವರ ಮನೆಯ ತೊಟ್ಟಿಲನ್ನು ತಲುಪುವವರೆಗೆ ಅಪೂರ್ಣವೇ ಸರಿ. ಈ ದೃಷ್ಟಿಯಿಂದ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜೆನ್ನರ್ ಸಂಸ್ಥೆಯ ಕಾರ್ಯವನ್ನು ಓದುಗ ಬಂಧುಗಳು ತಿಳಿಯುವುದು ಉಚಿತವೆನಿಸುತ್ತದೆ.

ಸಂಸ್ಥೆಗೆ ಹೆಸರು ಕೊಟ್ಟ ಎಡ್ವರ್ಡ್ ಜೆನ್ನರ್ ಒಬ್ಬ ಹಳ್ಳಿಯ ವೈದ್ಯ. ಹಾಲು ಕರೆಯುವ ಹೆಣ್ಣುಮಕ್ಕಳಿಗೆ ಹಸುವಿನ ಸಿಡುಬು ತಗುಲಿದ್ದರೆ ಮಾರಕ ಸಿಡುಬು ಅವರನ್ನು ಮುಟ್ಟುವುದಿಲ್ಲವೆಂಬ ಜನರ ಮಾತನ್ನು ಆತ ಹಗುರವಾಗಿ ಕಾಣಲಿಲ್ಲ. 1796ರ ಮೇ 14ರಂದು ಎಂಟು ವರ್ಷದ ಬಾಲಕನೊಬ್ಬನಿಗೆ ಮೊದಲ ಲಸಿಕೆ ಹಾಕಿದ. ಆ ವಿದ್ಯೆ 1802ರಲ್ಲಿ ಮುಂಬಯಿಗೆ ಬಂದಿತು. ಥಾಮಸ್ ಹಿಕಿ 1805ರ ಸುಮಾರಿಗೆ ರಚಿಸಿದ ಚಿತ್ರವೊಂದರಲ್ಲಿರುವವರು ಲಸಿಕೆಗೆ ಬೆಂಬಲವಿತ್ತ ಮೈಸೂರು ಅರಮನೆಯ ರಾಣಿಯರೆಂದು ಇತಿಹಾಸಕಾರರು ಗುರುತಿಸಿದ್ದಾರೆ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದ ಅಳಿಯಿತೆಂದು ಸಾರಿತು. ನಮ್ಮ ಹಿರಿಯರ ತೋಳಿನ ಮೇಲಿರುವ ದಾಕಿನ ಗುರುತು ಆ ವಿಜಯದ ಮುದ್ರೆ.

ಜೆನ್ನರ್ ಸಂಸ್ಥೆ ಆಕ್ಸ್‌ಫರ್ಡಿನಲ್ಲಿ ನೆಲೆಗೊಂಡದ್ದು 2005ರಲ್ಲಿ. ಮನುಷ್ಯರಿಗೂ ಪಶುಗಳಿಗೂ ಬೇಕಾದ ಲಸಿಕೆಗಳನ್ನು ಒಂದೇ ಸೂರಿನಡಿ ಶೋಧಿಸುವುದು ಅದರ ಗುರಿ. ಪ್ರೊಫೆಸರ್ ಏಡ್ರಿಯನ್ ಹಿಲ್ ಅದರ ನಿರ್ದೇಶಕರಾದರು. ಬಹುಕಾಲ ತಜ್ಞರ ವಲಯದಲ್ಲಷ್ಟೇ ಪರಿಚಿತವಾಗಿದ್ದ ಸಂಸ್ಥೆ 2020ರಲ್ಲಿ ಜಗತ್ತಿನ ಮನೆಮಾತಾಯಿತು. ಸಾರಾ ಗಿಲ್ಬರ್ಟ್ ಮತ್ತು ಸಂಗಡಿಗರು ಮರ್ಸ್ ಎಂಬ ಬೇರೊಂದು ಕೊರೊನಾ ರೋಗಕ್ಕಾಗಿ ಮೊದಲೇ ರೂಪಿಸಿದ್ದ ವಿಧಾನವನ್ನು ಕೋವಿಡ್‌ಗೆ ಅಳವಡಿಸಿದರು. ಚಿಂಪಾಂಜಿಯ ನೆಗಡಿ ವೈರಾಣುವೊಂದನ್ನು ದೇಹದಲ್ಲಿ ವೃದ್ಧಿಯಾಗದಂತೆ ಬದಲಿಸಿ, ಅದನ್ನೇ ವಾಹನವಾಗಿ ಬಳಸುವ ವಿಧಾನವದು. ಆ ಲಸಿಕೆ ಪುಣೆಯ ಸೀರಂ ಸಂಸ್ಥೆಯಲ್ಲಿ ತಯಾರಾಗಿ ಕೋವಿಶೀಲ್ಡ್ ಎಂಬ ಹೆಸರಿನಿಂದ 2021ರ ಜನವರಿ 16ರಿಂದ ನಮ್ಮ ಜನರಿಗೆ ದೊರೆಯಿತು. ಅತಿ ವಿರಳವಾಗಿ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆಯೂ ಕಂಡುಬಂದಿತು. ಗುಣದೊಂದಿಗೆ ದೋಷವನ್ನೂ ಮುಚ್ಚಿಡದೆ ಹೇಳುವುದೇ ವಿಜ್ಞಾನದ ಸತ್ಯಶುದ್ಧ ನಡೆ.

ಆದರೆ ಸಂಸ್ಥೆಯ ದೀರ್ಘ ತಪಸ್ಸಿನ ಫಲವೆಂದರೆ ಮಲೇರಿಯಾ ಲಸಿಕೆ. ಈ ಜ್ವರವನ್ನು ಹರಡುವುದು ಸೊಳ್ಳೆಯೆಂಬ ರಹಸ್ಯವನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಬಯಲು ಮಾಡಿದರು. ಅದಾಗಿ ಶತಮಾನ ಕಳೆದರೂ ಲಸಿಕೆ ಕೈಗೆಟುಕಲಿಲ್ಲ. ಕಾರಣ, ಮಲೇರಿಯಾದ ಪರಾವಲಂಬಿ ಜೀವಿ ವೈರಾಣುವಿನಷ್ಟು ಸರಳವಲ್ಲ. ಸೊಳ್ಳೆಯ ಜೊಲ್ಲಿನಲ್ಲಿ ಒಂದು ರೂಪ, ಯಕೃತ್ತಿನಲ್ಲಿ ಇನ್ನೊಂದು, ರಕ್ತದಲ್ಲಿ ಮತ್ತೊಂದು. 2023ರಲ್ಲಿ ಈ ರೋಗದಿಂದ ಸುಮಾರು 5,97,000 ಜನರು ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆಫ್ರಿಕದ ಸಾವುಗಳಲ್ಲಿ ನಾಲ್ಕರಲ್ಲಿ ಮೂರು ಐದು ವರ್ಷದೊಳಗಿನ ಕಂದಮ್ಮಗಳದು.

ಆಕ್ಸ್‌ಫರ್ಡಿನ ಆರ್21 ಲಸಿಕೆ ವೈರಿಯನ್ನು ಹೆಬ್ಬಾಗಿಲಿನಲ್ಲಿಯೇ ತಡೆಯುತ್ತದೆ. ಸೊಳ್ಳೆ ಕಚ್ಚಿದೊಡನೆ ಯಕೃತ್ತಿನತ್ತ ಧಾವಿಸುವ ಜೀವಿಯ ಹೊರಕವಚದ ಒಂದು ಅಂಶವನ್ನು ಯೀಸ್ಟ್ ಕೋಶಗಳಲ್ಲಿ ತಯಾರಿಸಿ ದೇಹಕ್ಕೆ ಪರಿಚಯಿಸುತ್ತಾರೆ. ಇದರೊಡನೆ ಚಿಲಿ ದೇಶದ ಮರವೊಂದರ ತೊಗಟೆಯ ಸಾರವನ್ನು ಬೆರೆಸುತ್ತಾರೆ. ನಮ್ಮ ಅಂಟುವಾಳಕಾಯಿಯಲ್ಲಿ ನೊರೆ ಬರಿಸುವ ವಸ್ತುವಿನ ಜಾತಿಗೇ ಸೇರಿದ ಈ ಸಾರ ದೇಹದ ರಕ್ಷಣಾಶಕ್ತಿಯನ್ನು ಬಡಿದೆಬ್ಬಿಸುತ್ತದೆ. ಇಂತಹ ಲಸಿಕೆಗಳ ಪರೀಕ್ಷೆಗಾಗಿ ಸ್ವಯಂಸೇವಕರು ರೋಗವಾಹಕ ಸೊಳ್ಳೆಗಳಿಗೆ ತಾವಾಗಿಯೇ ತೋಳೊಡ್ಡಿ, ಜ್ವರ ಕಾಣಿಸಿದೊಡನೆ ಔಷಧಿ ಪಡೆದು ಗುಣಹೊಂದಿದ್ದಾರೆ. ಹೆಸರು ಬಯಸದ ಈ ಸೇವೆ ಯಾವ ದಾನಕ್ಕೆ ಕಡಿಮೆ?

ಆಫ್ರಿಕದ ನಾಲ್ಕು ದೇಶಗಳ 4,800ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪರೀಕ್ಷೆಯ ವರದಿ 2024ರಲ್ಲಿ ಪ್ರಕಟವಾಯಿತು. ಮೊದಲ ವರ್ಷದಲ್ಲಿ ಮಳೆಗಾಲದ ಮಲೇರಿಯಾವಿರುವ ಕಡೆ ಶೇ. 75, ವರ್ಷವಿಡೀ ರೋಗವಿರುವ ಕಡೆ ಶೇ. 68 ರಕ್ಷಣೆ ದೊರೆತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2023ರ ಅಕ್ಟೋಬರಿನಲ್ಲಿಯೇ ಇದನ್ನು ಶಿಫಾರಸು ಮಾಡಿತ್ತು. 2021ರಲ್ಲಿ ಶಿಫಾರಸು ಪಡೆದ ಮೊದಲ ಮಲೇರಿಯಾ ಲಸಿಕೆ ಬೇಡಿಕೆಗೆ ಸಾಲದಾಗಿತ್ತು. ಆರ್21 ಆದರೋ ಪುಣೆಯಲ್ಲಿ ವರ್ಷಕ್ಕೆ ಹತ್ತು ಕೋಟಿ ಡೋಸ್ ತಯಾರಿಸಬಹುದಾದಂಥದು. ಬೆಲೆ ಡೋಸಿಗೆ ಎರಡರಿಂದ ನಾಲ್ಕು ಡಾಲರ್ ಎಂದು ಆಗ ತಿಳಿಸಲಾಗಿತ್ತು. 2024ರ ಜುಲೈನಲ್ಲಿ ಐವರಿ ಕೋಸ್ಟ್ ದೇಶದ ಮಕ್ಕಳಿಗೆ ಅದು ಮೊದಲು ತಲುಪಿತು. ಆಕ್ಸ್‌ಫರ್ಡಿನ ಅರಿವು, ಪುಣೆಯ ಕೈಗಳ ದುಡಿಮೆ, ಆಫ್ರಿಕದ ತಾಯಂದಿರ ವಿಶ್ವಾಸ: ಈ ಮೂರೂ ಕೂಡಿದ್ದರಿಂದ ಫಲ ದೊರೆಯಿತು.

ಆದರೂ ಇದು ಸರ್ವರೋಗ ನಿವಾರಕವಲ್ಲ. ನಾಲ್ಕು ಡೋಸ್ ಬೇಕು, ರಕ್ಷಣೆ ಪೂರ್ಣವೂ ಅಲ್ಲ. ಇದು ಫಾಲ್ಸಿಪೇರಂ ಎಂಬ ಮಾರಕ ಬಗೆಯ ವಿರುದ್ಧ ರೂಪುಗೊಂಡಿದೆ. ನಮ್ಮ ಮಂಗಳೂರಿನ ಕಡೆ ಹೆಚ್ಚಾಗಿ ಕಾಣುವ ವೈವಾಕ್ಸ್ ಬಗೆಗೆ ಇದು ಉತ್ತರವಲ್ಲ. ಆದುದರಿಂದ ಸೊಳ್ಳೆಪರದೆಯನ್ನು ಕಟ್ಟುವುದು, ನೀರಿನ ತೊಟ್ಟಿಗೆ ಮುಚ್ಚಳ ಹಾಕುವುದು, ಚಳಿಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸುವುದು ನಮ್ಮ ನಮ್ಮ ಮನೆಯ ಹೊಣೆ.

ಇನ್ನೊಂದು ಮಾತು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ದಡಾರ, ಪೋಲಿಯೊ, ಧನುರ್ವಾಯು ಮುಂತಾದ ಲಸಿಕೆಗಳು ಉಚಿತವಾಗಿ ದೊರೆಯುತ್ತಿದ್ದರೂ ಗಾಳಿಮಾತಿಗೆ ಕಿವಿಗೊಟ್ಟು ಮಕ್ಕಳನ್ನು ಕರೆದೊಯ್ಯದ ತಂದೆತಾಯಿಗಳಿದ್ದಾರೆ. ಜನ ಕೂಡುವ ಮಠದ ಜಾತ್ರೆ, ಶರಣರ ಜಯಂತಿ, ಸಾಮೂಹಿಕ ವಿವಾಹಗಳಲ್ಲಿ ಅನ್ನದಾಸೋಹದೊಂದಿಗೆ ಈ ತಿಳಿವಳಿಕೆಯ ದಾಸೋಹವೂ ನಡೆಯಲಿ. ದೂರದ ಕಂದನೊಬ್ಬನ ಉಸಿರಿಗಾಗಿ ಯಾರೋ ದಶಕಗಳ ಕಾಲ ದುಡಿದರು. ನಮ್ಮ ತೊಟ್ಟಿಲಿನ ಕಂದನಿಗಾಗಿ ಆರೋಗ್ಯ ಕೇಂದ್ರದವರೆಗೆ ನಡೆಯುವಷ್ಟು ಕಾಯಕ ನಮ್ಮದಾಗಲಿ.