ಕೆಂಪು ತ್ರಿಕೋನ ಕಂಡರೆ ಮೊದಲು ತಾರೀಕು ನೋಡಿ

ಕಳೆದ ಮಳೆಗಾಲದ ಮಾತು. ಸಿಡಿಲಿನ ಹೆದರಿಕೆಗೆ ಕಂಪ್ಯೂಟರಿನ ಪ್ಲಗ್ ಎಳೆದಿಟ್ಟು ಮೂರು ವಾರ ಆಗಿತ್ತು. ಬೆಳೆವಿಮೆಯ ಕಂತು ದಾಖಲಾಗಿದೆಯೋ ಅಂತ ನೋಡಲು ಒಂದು ಸಂಜೆ ಚಾಲೂ ಮಾಡಿದೆ. ಯಾವ ತಾಣವೂ ತೆರೆಯಲೊಲ್ಲದು. ಎಲ್ಲದಕ್ಕೂ ಒಂದೇ ಎಚ್ಚರಿಕೆ, ಇಂಗ್ಲಿಷಿನಲ್ಲಿ ನಾಲ್ಕು ಸಾಲು. ವಿಮೆ ಬಿಡಿ, ಬ್ಯಾಂಕಿನ ಪುಟವೂ ಇಲ್ಲ.

ನೆರೆಮನೆಯ ಹುಡುಗನಿಗೆ ಫೋನು ಹಚ್ಚಿದೆ. “ಮಾವ, ಅದು ಯಾವಾಗ್ಲೂ ಬರ್ತದೆ. ಅಡ್ವಾನ್ಸ್‌ಡ್ ಅಂತ ಉಂಟಲ್ಲ, ಒತ್ತಿ. ಕೆಳಗೆ ಪ್ರೊಸೀಡ್ ಅಂತ ಬರ್ತದೆ, ಅದನ್ನೂ ಒತ್ತಿ. ನಾವೆಲ್ಲ ಹಾಗೇ ಮಾಡುದು” ಅಂದ. ಹುಡುಕಿದೆ. ಪ್ರೊಸೀಡ್ ಎಂಬ ಗುಂಡಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಕನ್ನಡಕ ಹಾಕಿ ನಿಧಾನಕ್ಕೆ ಓದಿದೆ. ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ನಿಮ್ಮ ಗಡಿಯಾರ ಹಿಂದೆ ಇದೆ ಅಂತ. ಮೂಲೆಯಲ್ಲಿ ನೋಡಿದರೆ ನನ್ನ ಕಂಪ್ಯೂಟರ್ ಇನ್ನೂ 2015ರ ಜನವರಿಯಲ್ಲೇ ಕೂತಿತ್ತು! ತಾರೀಕು ಸರಿ ಮಾಡಿದೆ. ಎರಡು ನಿಮಿಷದಲ್ಲಿ ಎಲ್ಲ ತೆರೆಯಿತು. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಸಿಆರ್ 2032 ಅಂತ ಕೇಳಿದರೆ ವಾಚು ರಿಪೇರಿಯವರಲ್ಲೂ ಸಿಗುತ್ತದೆ. ನನಗೆ ಬಿದ್ದ ಖರ್ಚು ನಲವತ್ತು ರೂಪಾಯಿ.

ಉತ್ತರ ಪರದೆಯ ಮೇಲೇ ಇತ್ತು. ಓದದೆ ಗುಂಡಿ ಹುಡುಕಿದ್ದು ನಮ್ಮ ತಪ್ಪು. ನಾನು ಇಲ್ಲಿ ಹೇಳಹೊರಟದ್ದೂ ಇದನ್ನೇ. ಈ ಎಚ್ಚರಿಕೆಗೆ ಹೆದರಬೇಕಾಗಿಲ್ಲ. ಆದರೆ ಓದದೆ ದಾಟಿ ಹೋಗುವ ಅಭ್ಯಾಸ ಮಾತ್ರ ನಮಗೆ ಬೇಡ.

ತಕ್ಕಡಿಯ ಮುದ್ರೆ

ಏನಿದು ಸರ್ಟಿಫಿಕೇಟು? ಅಡಿಕೆ ಮಾರಲು ಹೋದಾಗ ತಕ್ಕಡಿಯ ಮೇಲೆ ಇಲಾಖೆಯ ಮುದ್ರೆ ಇದೆಯಾ ಅಂತ ನೋಡುತ್ತೇವಲ್ಲ, ಹಾಗೆ. ತಾಣದ ಪ್ರಮಾಣಪತ್ರವೂ ಒಂದು ಮುದ್ರೆ. ಅದರಲ್ಲಿ ಮೂರು ಸಂಗತಿ ಇರುತ್ತದೆ: ಯಾವ ತಾಣದ ಹೆಸರಿಗೆ, ಯಾವತ್ತಿನಿಂದ ಯಾವತ್ತಿನವರೆಗೆ, ಮುದ್ರೆ ಹಾಕಿದವರು ಯಾರು. ನಾವು ತಾಣ ತೆರೆದಾಗ ಬ್ರೌಸರ್ ಈ ಮೂರನ್ನೂ ತಾಳೆ ನೋಡುತ್ತದೆ. ಒಂದು ತಪ್ಪಿದರೂ ತಡೆದು ನಿಲ್ಲಿಸುತ್ತದೆ. ಕಂಪ್ಯೂಟರಿನ ತಾರೀಕು 2015 ಅಂತಿದ್ದರೆ, ಈ ವರ್ಷ ಕೊಟ್ಟ ಪ್ರಮಾಣಪತ್ರ ಅದರ ಲೆಕ್ಕಕ್ಕೆ ಇನ್ನೂ ಹುಟ್ಟಿಯೇ ಇಲ್ಲ!

ಇನ್ನೊಂದು ಮಾತು. ತಕ್ಕಡಿಗೆ ಮುದ್ರೆ ಇದೆ ಅಂದರೆ ವ್ಯಾಪಾರಿ ಸಾಚಾ ಅಂತಲ್ಲ. ಇಲ್ಲೂ ಅಷ್ಟೆ. ಮೋಸದ ತಾಣವೂ ತನ್ನ ಹೆಸರಿಗೆ ಸರಿಯಾದ ಪ್ರಮಾಣಪತ್ರ ಪಡೆಯಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಇದನ್ನು ಪುಕ್ಕಟೆ ಕೊಡುತ್ತಿದೆ. ಬೀಗದ ಚಿತ್ರ ಕಂಡರೆ ಸುರಕ್ಷಿತ ಎಂಬ ತಪ್ಪು ನಂಬಿಕೆ ಬೆಳೆದದ್ದರಿಂದಲೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ತೆಗೆದುಹಾಕಿತು. ಎಚ್ಚರಿಕೆ ಬರಲಿಲ್ಲ ಅಂತ ವಿಳಾಸದ ಅಕ್ಷರ ನೋಡುವುದನ್ನು ಬಿಡಬೇಡಿ.

ದೋಷ ಎಲ್ಲಿ? ಹೀಗೆ ಹುಡುಕಿ

ಪಂಪಿನಲ್ಲಿ ನೀರು ಬರದಿದ್ದರೆ ಕೂಡಲೇ ಬಾವಿ ಅಗೆಯಲು ಹೊರಡುವುದಿಲ್ಲ. ಮೊದಲು ಫ್ಯೂಸು, ಮತ್ತೆ ಫುಟ್‌ವಾಲ್ವು. ಇದಕ್ಕೂ ಅದೇ ಕ್ರಮ.

ಮೊದಲು ತಾರೀಕು, ವೇಳೆ, ಇಸವಿ ನೋಡಿ. ಇಸವಿಯನ್ನು ನೋಡಲು ಮರೆಯುವವರೇ ಹೆಚ್ಚು.

ಎರಡನೆಯದು, ಎಲ್ಲ ತಾಣಕ್ಕೂ ಹೀಗಾಗುತ್ತದೋ, ಒಂದಕ್ಕೆ ಮಾತ್ರವೋ? ಎಲ್ಲದಕ್ಕೂ ಆದರೆ ದೋಷ ನಮ್ಮ ಮನೆಯೊಳಗೆ. ಒಂದಕ್ಕೆ ಮಾತ್ರ ಆದರೆ, ಅದೇ ತಾಣವನ್ನು ಮೊಬೈಲಿನಲ್ಲಿ ವೈಫೈ ಆರಿಸಿ, ಸಿಮ್ಮಿನ ಡೇಟಾದಲ್ಲಿ ತೆರೆದು ನೋಡಿ. ಅಲ್ಲೂ ಎಚ್ಚರಿಕೆ ಬಂದರೆ ತಪ್ಪು ಹೆಚ್ಚಾಗಿ ತಾಣದವರದ್ದು. ನಾವು ಎಷ್ಟು ತಲೆ ಕೆಡಿಸಿಕೊಂಡರೂ ಸರಿಯಾಗದು. ಅಲ್ಲಿ ಸರಿಯಾಗಿ ತೆರೆದರೆ ಮನೆಯ ಕಂಪ್ಯೂಟರನ್ನೋ ಸಂಪರ್ಕವನ್ನೋ ನೋಡಬೇಕು.

ಮೂರನೆಯದು, ತಿಂಗಳ ದುಡ್ಡು ಕಟ್ಟಿದ್ದೀರಾ? ಅವಧಿ ಮುಗಿದ ಸಂಪರ್ಕದಲ್ಲಿ ನೀವು ಏನು ತೆರೆದರೂ ಕಂಪೆನಿಯವರು ತಮ್ಮ ರೀಚಾರ್ಜ್ ಪುಟಕ್ಕೆ ಎಳೆಯುವುದುಂಟು. ಬ್ರೌಸರಿಗೆ ಬೇಕಾದ್ದು ಬ್ಯಾಂಕು, ಬಾಗಿಲಲ್ಲಿ ನಿಂತವರು ಇನ್ಯಾರೋ. ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಅಂತ ತಡೆಯುತ್ತದೆ. ನಮ್ಮ ಪರಿಚಯದ ಒಬ್ಬರು ಇದಕ್ಕಾಗಿ ಕಂಪ್ಯೂಟರನ್ನು ಹೊತ್ತುಕೊಂಡು ಪೇಟೆಗೆ ಹೋಗಿ ಬಂದರು. ಬೇಕಾಗಿದ್ದದ್ದು ಒಂದು ರೀಚಾರ್ಜು.

ನಾಲ್ಕನೆಯದು ಹಳೆಯ ಯಂತ್ರ. ಮುದ್ರೆ ಹಾಕುವ ಸಂಸ್ಥೆಗಳ ಪಟ್ಟಿ ಮೊಬೈಲಿನೊಳಗೇ ಇರುತ್ತದೆ. 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್‌ನ ಪಟ್ಟಿಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಹೆಸರೇ ಇಲ್ಲ. ಬೇರೆಯವರ ಹೆಸರಿನ ಆಸರೆಯಲ್ಲಿ 2024ರವರೆಗೆ ನಡೆಯಿತು, ಮತ್ತೆ ನಿಂತಿತು. ವಿಂಡೋಸ್ 7ಕ್ಕೆ ಕ್ರೋಮಿನ ಹೊಸ ಆವೃತ್ತಿ 2023ರಿಂದ ಇಲ್ಲ. ಇಂಥ ಯಂತ್ರ ಹಾಡು ಕೇಳಲು ಇರಲಿ. ಹಣದ ವ್ಯವಹಾರಕ್ಕೆ ಬೇಡ.

ಐದನೆಯದು ಆಂಟಿವೈರಸ್. ಕೆಲವು ಆಂಟಿವೈರಸ್‌ಗಳು ನಡುವೆ ನಿಂತು ಪುಟವನ್ನು ಬಿಚ್ಚಿ ನೋಡಿ, ತಮ್ಮದೇ ಮುದ್ರೆ ಒತ್ತಿ ಕಳಿಸುತ್ತವೆ. ಚಂದಾ ಮುಗಿದೋ ಅರ್ಧಂಬರ್ಧ ತೆಗೆದೋ ಇದ್ದರೆ ಎಡವಟ್ಟು. ‘ಅಥಾರಿಟಿ ಇನ್‌ವ್ಯಾಲಿಡ್’ ಅಂತ ಬಂದರೆ ಇದನ್ನೂ ಸಂಶಯಿಸಿ.

ಕೊನೆಯದು ರೂಟರ್. ಫೈಬರ್ ಹಾಕಲು ಬಂದವರು ಇಟ್ಟುಹೋದ ಪಾಸ್‌ವರ್ಡೇ ಹಲವು ಮನೆಗಳಲ್ಲಿ ಈಗಲೂ ಇದೆ. ಅದನ್ನು ಬಲ್ಲವನು ಒಳಹೊಕ್ಕು ಡಿಎನ್‌ಎಸ್ ಎಂಬ ದಾರಿ ತೋರಿಸುವ ವ್ಯವಸ್ಥೆಯನ್ನೇ ತಿರುಗಿಸಿಡಬಹುದು. ಬ್ಯಾಂಕಿಗೆ ಹೊರಟ ನೀವು ಕಳ್ಳನ ಅಂಗಳಕ್ಕೆ ಮುಟ್ಟುತ್ತೀರಿ. ಇದು ಕತೆಯಲ್ಲ. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಬಯಲಿಗೆಳೆದ ಡಿಎನ್‌ಎಸ್ ಚೇಂಜರ್ ಎಂಬ ಜಾಲ ನೂರಕ್ಕೂ ಹೆಚ್ಚು ದೇಶಗಳಲ್ಲಿ ನಲವತ್ತು ಲಕ್ಷ ಕಂಪ್ಯೂಟರ್‌ಗಳ ದಾರಿ ತಪ್ಪಿಸಿತ್ತು. ಮೊಬೈಲ್ ಡೇಟಾದಲ್ಲಿ ಸರಿ, ಮನೆಯ ವೈಫೈಯಲ್ಲಿ ಮಾತ್ರ ಬ್ಯಾಂಕಿನ ಪುಟಕ್ಕೆ ಎಚ್ಚರಿಕೆ, ತಾರೀಕು ಸರಿ, ದುಡ್ಡೂ ಕಟ್ಟಿದೆ ಅಂತಾದರೆ ಅಲ್ಲಿಗೇ ಕೈ ಬಿಡಿ. ರೂಟರನ್ನು ರೀಸೆಟ್ ಮಾಡಿಸಿ, ಹೊಸ ಪಾಸ್‌ವರ್ಡ್ ಹಾಕಿಸುವವರೆಗೆ ವ್ಯವಹಾರ ಬೇಡ.

ರೂಟರಿನದೇ ಸೆಟ್ಟಿಂಗ್ ಪುಟ ತೆರೆಯುವಾಗಲೂ ಈ ಎಚ್ಚರಿಕೆ ಬರಬಹುದು. ಅದು ತನ್ನ ಮುದ್ರೆಯನ್ನು ತಾನೇ ಒತ್ತಿಕೊಂಡ ಪೆಟ್ಟಿಗೆ, ನಿಮ್ಮ ಮನೆಯೊಳಗೇ ಇದೆ. ವಿಳಾಸ ಸರಿ ಇದ್ದರೆ ಅಲ್ಲಿ ಮುಂದುವರಿಯಬಹುದು. ನಾನು ಪ್ರೊಸೀಡ್ ಒತ್ತುವುದು ಆ ಒಂದು ಕಡೆ ಮಾತ್ರ.

ಬ್ಯಾಂಕುಗಳಂಥ ಅನೇಕ ತಾಣಗಳಲ್ಲಿ ಪ್ರೊಸೀಡ್ ಗುಂಡಿಯೇ ಬರುವುದಿಲ್ಲ. ದಾಟಲೇ ಬಾರದು ಅಂತ ಆ ತಾಣದವರೇ ಬ್ರೌಸರಿಗೆ ಹೇಳಿಟ್ಟಿರುತ್ತಾರೆ. ಒಳ್ಳೆಯದೇ.

ನಮ್ಮನ್ನು ಹೀಗೆ ಕಲಿಸಿದವರು ಯಾರು?

ನೆರೆಮನೆಯ ಹುಡುಗನನ್ನು ನಾನು ಬಯ್ಯುವುದಿಲ್ಲ. ಅವನಿಗೆ ಆ ಪಾಠ ಕಲಿಸಿದ್ದು ಅವಧಿ ಮುಗಿದ ಪ್ರಮಾಣಪತ್ರ ಇಟ್ಟುಕೊಂಡ ತಾಣಗಳು. ಅರ್ಜಿಗೆ ಇವತ್ತೇ ಕೊನೆಯ ದಿನ. ತಾಣ ತೆರೆದರೆ ಎಚ್ಚರಿಕೆ. ಕೇಳಿದರೆ “ಏನೂ ಆಗುದಿಲ್ಲ, ಮುಂದೆ ಹೋಗಿ” ಎಂಬ ಉತ್ತರ. ಹೀಗೆ ನಾಲ್ಕು ಸಲ ದಾಟಿದವನು ಐದನೆಯ ಸಲ ನಿಜವಾದ ಕಳ್ಳನ ಪುಟವನ್ನೂ ದಾಟುತ್ತಾನೆ. ಬೊಗಳಿದಾಗಲೆಲ್ಲ ಗದರಿಸಿದರೆ, ಕಳ್ಳ ಬಂದ ರಾತ್ರಿ ನಾಯಿ ಬೊಗಳಿದರೂ ನಾವು ಏಳುವುದಿಲ್ಲ.

ಮುದ್ರೆ ಒತ್ತುವವರೂ ತಪ್ಪಿದ್ದುಂಟು. 2011ರಲ್ಲಿ ನೆದರ್ಲೆಂಡಿನ ಡಿಜಿನೋಟಾರ್ ಎಂಬ ಕಂಪೆನಿಗೆ ಕಳ್ಳರು ನುಗ್ಗಿ ಗೂಗಲ್ ಹೆಸರಿನಲ್ಲೇ ಸುಳ್ಳು ಪ್ರಮಾಣಪತ್ರ ಮಾಡಿಕೊಂಡರು. ಬ್ರೌಸರಿನವರು ಅದನ್ನು ಪಟ್ಟಿಯಿಂದ ಕಿತ್ತರು, ಕಂಪೆನಿ ಅದೇ ವರ್ಷ ದಿವಾಳಿಯೆದ್ದಿತು. ನಮ್ಮದೇ ದೇಶದ ಎನ್‌ಐಸಿಯಿಂದಲೂ ಗೂಗಲ್ ಹೆಸರಿನ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದು 2014ರ ಜುಲೈಯಲ್ಲಿ ಪತ್ತೆಯಾಯಿತು. ಅಂದರೆ ಈ ಕಾವಲು ಪೂರ್ತಿ ಭದ್ರವಲ್ಲ. ಅದಕ್ಕೇ ಇರುವ ಕಾವಲನ್ನು ನಾವೇ ಸಡಿಲ ಮಾಡಬಾರದು.

ಮುಂದೆ ತೊಂದರೆ ಹೆಚ್ಚಬಹುದು. 2020ರ ಸೆಪ್ಟೆಂಬರಿನಿಂದ ಪ್ರಮಾಣಪತ್ರದ ಗರಿಷ್ಠ ಆಯುಷ್ಯ 398 ದಿನ ಇತ್ತು. 2025ರಲ್ಲಿ ಆದ ತೀರ್ಮಾನದಂತೆ 2026ರ ಮಾರ್ಚ್ 15ರಿಂದ ಕೊಡುವವಕ್ಕೆ 200 ದಿನ, 2027ರ ಮಾರ್ಚಿನಿಂದ 100, 2029ರ ಮಾರ್ಚಿನಿಂದ ಬರೇ 47 ದಿನ. ವರ್ಷಕ್ಕೊಮ್ಮೆ ನವೀಕರಿಸಲು ಮರೆಯುವವರು ಒಂದೂವರೆ ತಿಂಗಳಿಗೊಮ್ಮೆ ನೆನಪಿಡುತ್ತಾರಾ? ತಾನಾಗಿ ನವೀಕರಣವಾಗುವ ಏರ್ಪಾಡು ಇದೆ, ಪುಕ್ಕಟೆಯೂ ಇದೆ. ಮಾಡಿಕೊಳ್ಳುವ ಮನಸ್ಸು ಬೇಕು.

ಆದ್ದರಿಂದ ನಮ್ಮ ಸಹಕಾರಿ ಸಂಘಗಳು, ಇಲಾಖೆಗಳು, ವಿಮೆಯವರು ಎಲ್ಲರಿಗೂ ಒಂದೇ ವಿನಂತಿ. ನಮ್ಮ ತಕ್ಕಡಿಯ ಮುದ್ರೆ ಹಳತಾದರೆ ದಂಡ ಹಾಕುತ್ತೀರಿ. ನಿಮ್ಮ ತಾಣದ ಮುದ್ರೆಯನ್ನೂ ಹಾಗೇ ನೋಡಿಕೊಳ್ಳಿ. ತಪ್ಪು ನಿಮ್ಮದಾದ ದಿನ ನಮಗೆ ಕೊನೆಯ ತಾರೀಕು ಮುಂದೆ ಹಾಕಿ. “ಪ್ರೊಸೀಡ್ ಒತ್ತಿ” ಅಂತ ಮಾತ್ರ ಹೇಳಬೇಡಿ.

ನಾವೂ ಸುಮ್ಮನಿರಬಾರದು. ಎಚ್ಚರಿಕೆ ಬಂದ ಪುಟದ ಫೋಟೋ ತೆಗೆದು, ತಾರೀಕು ಬರೆದು ಸಂಬಂಧಪಟ್ಟವರಿಗೆ ಕಳಿಸೋಣ. ಗೊತ್ತಿಲ್ಲದೆ ದಾಟಿ ಹಣ ಹೋಯಿತಾ? ನಾಚಿಕೆಪಟ್ಟು ಕೂರಬೇಡಿ. ಕೂಡಲೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ತಡಮಾಡಿದಷ್ಟೂ ಹಣ ಕೈಗೆ ಸಿಗದ ದೂರಕ್ಕೆ ಹೋಗುತ್ತದೆ.

ನೆರೆಮನೆಯ ಹುಡುಗ ಮೊನ್ನೆ ಫೋನು ಮಾಡಿದ್ದ. “ಮಾವ, ಸಂಘದ ಪುಟದಲ್ಲಿ ಅದೇ ಎಚ್ಚರಿಕೆ ಬಂತು. ತಾರೀಕು ನೋಡಿದೆ, ಸರಿ ಉಂಟು. ಡೇಟಾದಲ್ಲಿ ನೋಡಿದೆ, ಅಲ್ಲೂ ಹಾಗೇ. ಒತ್ತಲಿಲ್ಲ. ಸಂಘಕ್ಕೇ ಹೋಗಿ ಹೇಳಿ ಬಂದೆ.”

ಅಷ್ಟು ಸಾಕು.