ಗೇಟು ತೋರಿಸಿದರೆ ಸಾಲದು, ಹಾಸ್ಟೆಲ್ ತೋರಿಸಿ



ನಮ್ಮ ಕೊಂಡಜ್ಜಿಗೆ ನಾಡಿನ ನಾನಾ ಕಡೆಯಿಂದ ಸ್ಕೌಟು ಮಕ್ಕಳು ಬರುತ್ತಾರೆ. ಗುಡ್ಡ ಹತ್ತುತ್ತಾರೆ, ಕೆರೆ ನೋಡುತ್ತಾರೆ, ಶಿಬಿರ ಮುಗಿಸಿ ಹೋಗುತ್ತಾರೆ. ಒಳ್ಳೇದೇ. ಆದರೆ ಇದೇ ಊರಿನ ಕೇರಿ ಮಕ್ಕಳು ಪಕ್ಕದಲ್ಲೇ ಇರುವ ವಿಶ್ವವಿದ್ಯಾನಿಲಯ ನೋಡಿದ್ದಾರಾ? ಯಾರು ಕರಕೊಂಡು ಹೋಗಿದ್ದಾರೆ?

ಬಿ.ಎ. ಮುಗಿಸಿದ ನಮ್ಮ ಕೇರಿಯ ಹುಡುಗಿಯೊಬ್ಬಳನ್ನು ನಾನು ತೋಳಹುಣಸೆಯ ಶಿವಗಂಗೋತ್ರಿಗೆ ಕರಕೊಂಡು ಹೋದೆ. ಜೊತೆಗೆ ಅವಳಪ್ಪ. ಅವತ್ತಿನ ಕೂಲಿ ಬಿಟ್ಟು ಬಂದಿದ್ದ. ಊರಿಂದ ದಾವಣಗೆರೆ, ಅಲ್ಲಿ ಬಸ್ಸು ಬದಲಿಸಿ ತೋಳಹುಣಸೆ. ಅರ್ಧ ದಿನದ ದಾರಿಯೂ ಅಲ್ಲ. ಆದರೂ ನಮ್ಮ ಜನಕ್ಕೆ ಅದು ಬೇರೆ ದೇಶ.

1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1987ರಲ್ಲಿ ಅದು ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವೇ ಆಯಿತು. ದೂರದ ಊರಿಗೆ ಟ್ರಂಕು ಹೊತ್ತು ಹೋಗಿ ಓದಬೇಕಾಗಿದ್ದ ಎಂ.ಎ. ಮನೆ ಬಾಗಿಲಿಗೆ ಬಂತು. ಬಾಗಿಲಿಗೆ ಬಂದದ್ದು ಮನೆಯೊಳಕ್ಕೆ ಬಂತಾ? ಅದೇ ಪ್ರಶ್ನೆ.

ವಿಭಾಗದ ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಟ್ಟ. ಬಿಡು ಅಂತ ಅಲ್ಲಿ ಯಾರೂ ಅಂದಿರಲಿಲ್ಲ. ಹಾಕ್ಕೊಂಡೇ ಬಾ ಅಂತ ಅವನಿಗೆ ಜೀವಮಾನದಲ್ಲೂ ಯಾರೂ ಅಂದಿರಲಿಲ್ಲ. ಮಗಳು ತಿರುಗಿ ನೋಡಿ, "ಹಾಕ್ಕಳಪ್ಪ, ಇದು ಗೌಡ್ರ ಮನೆ ಅಲ್ಲ, ಗೌರ್ಮೆಂಟಿಂದು" ಅಂದಳು.

ನಾನು ದೊಡ್ಡಸ್ತಿಕೆಯಿಂದ ಕಟ್ಟಡ ತೋರಿಸಲು ಶುರು ಮಾಡಿದೆ. ಇದು ಲೈಬ್ರರಿ, ಇದು ಆಫೀಸು ಅಂತ. ಅವಳು ಕೇಳಿದ್ದೇ ಬೇರೆ: "ಅಣ್ಣ, ರಾತ್ರಿ ಎಲ್ಲಿರಾದು? ದುಡ್ಡು ಯಾವಾಗ ಬರ್ತದೆ? ಯಾರಾರ ಏನಾರ ಅಂದ್ರೆ ಯಾರಿಗೆ ಹೇಳಾದು?"

ನನಗೆ ನಾಚಿಕೆಯಾಯಿತು. ಈ ಮೂರೂ ಪ್ರಶ್ನೆ ನನಗೂ ಇದ್ದವು, ಕೇಳಲು ಜನ ಇರಲಿಲ್ಲ. ನಾನು ಓದಿದ ಕಾಲೇಜಿನಲ್ಲಿ, ಹೆಸರು ಬೇಡ ಬಿಡಿ, ತುಂಬಿದ ಕ್ಲಾಸಿನಲ್ಲಿ "ಸ್ಕಾಲರ್‌ಶಿಪ್ ಹುಡುಗ್ರು ಎದ್ದು ನಿಲ್ರಿ" ಅಂದರು. ನಿಂತೆವು. ಅವತ್ತಿನಿಂದ ನಮ್ಮ ಬೆಂಚೇ ಬೇರೆಯಾಯಿತು. ನನ್ನ ಜೊತೆ ಎದ್ದು ನಿಂತವರಲ್ಲಿ ಇಬ್ಬರು ದೀಪಾವಳಿ ರಜೆಗೆ ಊರಿಗೆ ಹೋದವರು ತಿರುಗಿ ಬರಲಿಲ್ಲ. ದಡ್ಡರಾಗಿದ್ದರಾ? ನನಗಿಂತ ಚೂಟಿ ಇದ್ದರು.

ಆ ಹುಡುಗಿಯ ಪ್ರಶ್ನೆಗಳ ಹಿಂದೆ ನಮ್ಮ ಚರಿತ್ರೆಯೇ ಇದೆ. 1913ರಲ್ಲಿ ಬಾಬಾಸಾಹೇಬರು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಸೀಟು ಸಿಕ್ಕಿತು, ಪದವಿ ಬಂತು. 1917ರಲ್ಲಿ ನೌಕರಿಗೆಂದು ಬರೋಡಾಕ್ಕೆ ಬಂದರೆ ಮಲಗಲು ಜಾಗ ಸಿಗಲಿಲ್ಲ. ಉಳಕೊಂಡಿದ್ದ ಪಾರ್ಸಿ ವಸತಿಗೃಹಕ್ಕೆ ದೊಣ್ಣೆ ಹಿಡಿದವರು ನುಗ್ಗಿ ಹೊರಡಿಸಿದರು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ 'ಬೂಸಾ' ಮಾತು ಆಡಿದರು. ಆ ನೆಪದಲ್ಲಿ ಏಟು ತಿಂದವರು ಯಾರು? ಹಾಸ್ಟೆಲ್ ಹುಡುಗರು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಜೀವ ಕಳಕೊಂಡ. ಅದಕ್ಕೂ ಮೊದಲು ಅವನಿಗೆ ತಿಂಗಳುಗಟ್ಟಲೆ ಫೆಲೋಶಿಪ್ ಬಂದಿರಲಿಲ್ಲ, ಹಾಸ್ಟೆಲ್ಲಿಂದ ಹೊರಹಾಕಿದ್ದರು. ಕಾಲ ಬೇರೆ, ಊರು ಬೇರೆ. ಆದರೆ ಪೆಟ್ಟು ಬಿದ್ದದ್ದು ನಾವು ತಲೆ ಇಟ್ಟು ಮಲಗುವ ಜಾಗಕ್ಕೆ.

"ನಿಮಗೇನಪ್ಪ, ಎಲ್ಲ ಪುಕ್ಕಟೆ" ಅನ್ನುವವರು ಇದ್ದಾರೆ. ನಮ್ಮ ಹುಡುಗರೂ ಇದನ್ನು ಕೇಳಿ ತಲೆ ತಗ್ಗಿಸುತ್ತಾರೆ. ಯಾಕೆ ತಗ್ಗಿಸಬೇಕು? ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲೇ, ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್ಲಿನಲ್ಲಿದ್ದಾಗ, ಶುರುವಾದದ್ದು. ಅದು ಹಕ್ಕು, ಯಾರ ಮನೆಯ ಭಿಕ್ಷೆಯೂ ಅಲ್ಲ.

ಆದ್ದರಿಂದ ಹಾಸ್ಟೆಲ್ ಗೆಳೆಯರಿಗೆ ನನ್ನ ಮಾತು ಇಷ್ಟೆ. ತಮ್ಮನನ್ನೋ ತಂಗಿಯನ್ನೋ ಕ್ಯಾಂಪಸ್ಸಿಗೆ ಕರಕೊಂಡು ಹೋದರೆ ಗೇಟಿನ ಮುಂದೆ ಫೋಟೋ ಹೊಡಕೊಂಡು ವಾಪಸ್ ಬರಬೇಡಿ. ಮೊದಲು ಹಾಸ್ಟೆಲ್ ತೋರಿಸಿ. ಊಟ ಹೆಂಗಿದೆ, ನೀರು ಹೆಂಗಿದೆ, ರೂಮಿಗೆ ಎಷ್ಟು ಜನ ಅಂತ ಅಲ್ಲಿರುವವರ ಬಾಯಿಂದಲೇ ಕೇಳಿಸಿ. ಸ್ಕಾಲರ್‌ಶಿಪ್ ಕಾಗದ ಊರಲ್ಲೇ ಸರಿಮಾಡಿಸಿ: ಜಾತಿ ಪತ್ರ, ಆದಾಯ ಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಒಂದು ಅಕ್ಷರ ಆ ಕಡೆ ಈ ಕಡೆ ಆದರೂ ದುಡ್ಡು ಅಲ್ಲೇ ನಿಲ್ಲುತ್ತದೆ. ಇನ್ನು ಮೂರನೆಯದು. ಪ್ರತಿ ವಿದ್ಯಾಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಅಂತ 2012ರಲ್ಲೇ ಯು.ಜಿ.ಸಿ. ನಿಯಮ ಮಾಡಿತು. ಆ ಬಾಗಿಲು ಎಲ್ಲಿದೆ, ಒಳಗೆ ಕೂತವರು ಯಾರು ಅಂತ ಸೇರುವ ಮೊದಲೇ ಕೇಳಿ. ಕೇಳಿದರೆ ತಾನೆ ಬಾಗಿಲು ತೆಗೆಯೋದು? ಕೊನೆಗೆ, ಅಲ್ಲೇ ಓದುತ್ತಿರುವ ನಮ್ಮವರೊಬ್ಬರ ಕೈಗೆ ಅವರನ್ನು ಒಪ್ಪಿಸಿ ಬನ್ನಿ.

ಪ್ರೊ. ಬಿ. ಕೃಷ್ಣಪ್ಪ 1938ರಲ್ಲಿ ಹುಟ್ಟಿದ್ದು ಇದೇ ಹರಿಹರದಲ್ಲಿ. ಭದ್ರಾವತಿಯ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಸಂಘಟನೆ ಕಟ್ಟಿದರು. ನಾವು ಅವರ ಫೋಟೋಕ್ಕೆ ಹಾರ ಹಾಕುತ್ತೇವೆ. ಪದವಿ ಸಿಕ್ಕ ಕೂಡಲೇ ಕೇರಿಯ ದಾರಿ ಮರೆಯುತ್ತೇವೆ. ಆ ಹಾರದ ದುಡ್ಡಲ್ಲಿ ಕೇರಿಯ ಇಬ್ಬರನ್ನು ಬಸ್ಸು ಹತ್ತಿಸಬಹುದು ಅನ್ನೋದು ಯಾರಿಗೂ ಹೊಳೆಯುವುದಿಲ್ಲ. ಮೇಲ್ಜಾತಿಯವರನ್ನು ಬೈಯೋಣ, ಬೈಯಬೇಕಾದ್ದು ಬೇಕಾದಷ್ಟಿದೆ. ಆದರೆ ಇದು ನಮ್ಮದೇ ತಪ್ಪು.

ಹುಡುಗಿ ಎಂ.ಎ.ಗೆ ಸೇರಿದ್ದಾಳೆ. ಅವಳು ದೀಪಾವಳಿಗೆ ಊರಿಗೆ ಬಂದವಳು ತಿರುಗಿ ಹೋಗುತ್ತಾಳಾ ಅನ್ನೋದು ಅವಳ ಬುದ್ಧಿಯ ಮೇಲಷ್ಟೇ ನಿಂತಿಲ್ಲ, ನಮ್ಮ ಮೇಲೂ ನಿಂತಿದೆ.

ಈ ರಜೆಗೆ ಊರಿಗೆ ಹೋದವರು ಒಬ್ಬೊಬ್ಬರನ್ನು ಕರಕೊಂಡು ಬನ್ನಿ. ಭಾಷಣ ಆಮೇಲೆ ಮಾಡೋಣ.